ಇಂದುಮತಿ ಟೀಚರ್ ಅವರ ಗೊರವ

ಸಿಟ್ಟಿನಲ್ಲಿ ಮಾತಾಡಬೇಡ, ಇಳಿದ ಮೇಲೆ ಹೇಳು ಎನ್ನುತ್ತಾನೆ ನನ್ನ ಗಂಡ. ಇಳಿಯಲಿ ಎಂದು ಕಾದು ಕೂತರೆ ನಾನು ಸತ್ತ ಮೇಲೆ ಹೇಳಬೇಕಾಗುತ್ತದೆ. ಹಾಗಾಗಿ ಈಗಲೇ ಹೇಳುತ್ತೇನೆ. ಕೇಳುವವರು ಕೇಳಿ, ಬೇಡದವರು ಎದ್ದು ಹೋಗಿ.

ನಮ್ಮ ಊರಿನಲ್ಲಿ ಒಬ್ಬೊಬ್ಬರಿಗೂ ಒಂದೊಂದು ಹಕ್ಕಿ. ಮಳೆ ಹಿಂದೆ ಸರಿದು ಆಕಾಶ ತೊಳೆದಿಟ್ಟ ಹಾಗಾದ ಮೇಲೆ, ನವರಾತ್ರಿಯ ಆಸುಪಾಸಿನಲ್ಲಿ, ಉತ್ತರದಿಂದ ಬರುತ್ತವೆ. ಯಾರ ಹಕ್ಕಿಯಾದರೂ ಊರಿಗೆಲ್ಲ ಕಾಣುತ್ತದೆ, ಅದರ ಒಡೆಯರಿಗೆ ಮಾತ್ರ ಕಾಣುವುದಿಲ್ಲ. ನನ್ನದು ಬಂದು ನನ್ನ ತಲೆಯ ಮೇಲೆ ಕೂತರೂ ನನಗೆ ತಿಳಿಯದು, ಪಕ್ಕದವರು ಹೇಳಬೇಕು. ಆದ್ದರಿಂದ ಆಶ್ವಯುಜ ಬಂತೆಂದರೆ ಊರಿಗೆ ಊರೇ ಪಕ್ಕದ ಮನೆಯ ಸೂರು ನೋಡುತ್ತಾ ನಿಂತಿರುತ್ತದೆ. "ರೀ ತುಂಗಮ್ಮಾ, ನಿಮ್ದು ಬಂತು ಕಣ್ರೀ, ನುಗ್ಗೆ ಮರದ ಮೇಲೈತೆ!" ಎಂದು ಒಬ್ಬರು ಕೂಗಿದರೆ ತುಂಗಮ್ಮ ಬೆಲ್ಲ ಹಿಡಿದುಕೊಂಡು ಓಡಿಬರುತ್ತಾಳೆ. ವರ್ಷವೆಲ್ಲ ಬೇಲಿಗಾಗಿ ಕಿತ್ತಾಡಿದವರು ಭಾದ್ರಪದದಲ್ಲೇ ರಾಜಿಯಾಗಿಬಿಡುತ್ತಾರೆ. ಇಬ್ಬರು ಕಂಡೆವು ಎಂದರೆ ಪುರಸಭೆಯ ಪಟ್ಟಿಯಲ್ಲಿ ಹೆಸರಿನ ಮುಂದೆ ಗುರುತು ಬೀಳುತ್ತದೆ. ಬಲಿಪಾಡ್ಯಮಿಯ ಸಂಜೆ ಪಟ್ಟಿ ಮುಚ್ಚುತ್ತಾರೆ.

ಅಷ್ಟರೊಳಗೆ ಗುರುತು ಬೀಳದವರ ಮಾತಿಗೆ ಮುಂದಿನ ವರ್ಷದವರೆಗೆ ಕಿವಿ ಇಲ್ಲ. ಅವರು ಸಾಕ್ಷಿ ಹೇಳುವ ಹಾಗಿಲ್ಲ, ರುಜು ಹಾಕುವ ಹಾಗಿಲ್ಲ, ಸಭೆಯಲ್ಲಿ ಎದ್ದು ಬೇಡ ಎನ್ನುವ ಹಾಗಿಲ್ಲ. ಅಂಗಡಿಯವನು ಉಪ್ಪು ಕೊಡುತ್ತಾನೆ, ಉಪ್ಪಿನಲ್ಲಿ ಕಲ್ಲಿದೆ ಎಂದರೆ ಕೇಳಿಸಿಕೊಳ್ಳುವುದಿಲ್ಲ. ಒಂದರ ಮೇಲೊಂದು ಮೂರು ವರ್ಷ ಹೀಗಾದರೆ ಹೆಸರನ್ನೇ ತೆಗೆದುಬಿಡುತ್ತಾರೆ. ಆಮೇಲೆ ಹಕ್ಕಿ ಬಂದು ಪುರಸಭೆಯ ಮೇಜಿನ ಮೇಲೇ ಕೂತರೂ ಅಷ್ಟೇ.

ಎಲ್ಲ ಹಕ್ಕಿಗಳೂ ಊರೊಳಗೆ ಇಳಿಯುವುದಿಲ್ಲ. ಕೆಲವು ಸಮುದ್ರದ ದಡದಲ್ಲೇ ಉಳಿಯುತ್ತವೆ, ಕೆಲವಕ್ಕೆ ಜೌಗು ಬೇಕು, ಕೆಲವು ಬೆಟ್ಟದವು. ಅಂಥವರಿಗಾಗಿ ಪುರಸಭೆ ಒಂದು ವ್ಯಾನು ಬಿಡುತ್ತದೆ. ಮೂರು ದಿನದ ಸುತ್ತು: ಮೊದಲ ದಿನ ಕಡಲು, ಎರಡನೆಯ ದಿನ ಜೌಗು, ಮೂರನೆಯ ದಿನ ಬೆಟ್ಟ. ಆ ವ್ಯಾನಿನ ಗೈಡು ನಾನು, ಚಂಪಕ. ಹನ್ನೊಂದು ವರ್ಷ ಅದೇ ಕೆಲಸ ಮಾಡಿದೆ. ಯಾವ ಬಂಡೆಯ ಹಿಂದೆ ಯಾವ ಹಕ್ಕಿ ಅಡಗುತ್ತದೆಂದು ನಿದ್ದೆಯಲ್ಲಿ ಕೇಳಿದರೂ ಹೇಳುತ್ತಿದ್ದೆ.

ಈ ಸಲದ ಕೊನೆಯ ಸುತ್ತಿಗೆ ಬಂದವರು ಮೂವರೇ. ಮೊದಲನೆಯವರು ಇಂದುಮತಿ ಟೀಚರ್. ನನಗೆ ಮಗ್ಗಿ ಕಲಿಸಿದವರು, ಊರಿನ ಅರ್ಧ ಜನಕ್ಕೆ ಕಲಿಸಿದವರು. ಅವರ ಹಕ್ಕಿ ಎರಡು ವರ್ಷದಿಂದ ಪಟ್ಟಿಗೆ ಬಂದಿರಲಿಲ್ಲ, ಇದು ಮೂರನೆಯದು. ಮಾತಿಗೆ ಕಿವಿ ಇಲ್ಲದವರು ಪಾಠ ಮಾಡುವುದಾದರೂ ಹೇಗೆ ಎಂದು ಶಾಲೆಯಲ್ಲಿ ಅವರಿಗೆ ಗಂಟೆ ಹೊಡೆಯುವ ಕೆಲಸ ಕೊಟ್ಟಿದ್ದರು. ಐವತ್ತೆಂಟರ ಹೆಂಗಸು ದಿನಕ್ಕೆ ಒಂಬತ್ತು ಸಲ ಜಗಲಿಗೆ ಬಂದು ಕಬ್ಬಿಣದ ತುಂಡಿಗೆ ಬಡಿದು ಒಳಗೆ ಹೋಗುತ್ತಿದ್ದರು. ನೋಡಿದವರ ಹೊಟ್ಟೆ ಉರಿಯಬೇಕಿತ್ತು. ಯಾರದ್ದೂ ಉರಿಯಲಿಲ್ಲ.

ಎರಡನೆಯವರು ಅವರ ತಮ್ಮ ಶೇಷಗಿರಿ. ಅವರ ಹಕ್ಕಿ ಆಗಲೇ ಬಂದಿತ್ತು, ಅಕ್ಕನಿಗೆ ಜೊತೆಯಾಗಿ ಬಂದಿದ್ದರು. ಮೂರನೆಯವರು ಟೈಲರ್ ವಾಸಪ್ಪ. ಅವರದು ಮೊದಲಿನಿಂದಲೂ ಕಡಲ ಹಕ್ಕಿ, ಪ್ರತಿ ವರ್ಷ ನಮ್ಮ ವ್ಯಾನೇ ಗತಿ. ವ್ಯಾನು ಓಡಿಸುವವನು ಲೂಯಿಸ್.

ಅಕ್ಕ ತಮ್ಮನ ವಿಷಯ ಇಲ್ಲೇ ಹೇಳಿಬಿಡುತ್ತೇನೆ, ಮುಚ್ಚಿಡುವುದೇನಿದೆ. ಜೌಗಿಗೆ ಕಡಲ ನೀರು ಬಂದುಹೋಗುವುದು ಒಂದೇ ಒಂದು ಕಾಲುವೆಯಿಂದ. ಆ ಕಾಲುವೆಯ ಎರಡೂ ದಂಡೆ ಅವರ ಅಪ್ಪನ ಕಾಲದ್ದು, ಇಬ್ಬರ ಹೆಸರಿನಲ್ಲೂ ಇದೆ. ಅದನ್ನು ಮುಚ್ಚಿ, ಜೌಗಿಗೆ ಮಣ್ಣು ತುಂಬಿ, ಹೊರಗಿನವರು ಬಂದು ಇಳಿಯಲು ಹೋಟೆಲು ಕಟ್ಟಬೇಕೆಂದು ನಮ್ಮ ಪುರಸಭೆಯ ಅಧ್ಯಕ್ಷರಿಗೆ ಆಸೆ. ತಮ್ಮ ಹೂಂ ಎಂದ. ಅಕ್ಕ, "ಊರಿನ ಕಾಲುಭಾಗ ಜನರ ಹಕ್ಕಿ ಅಲ್ಲಿಳಿಯುತ್ತೆ, ಅವೆಲ್ಲ ಎಲ್ಲಿಗೆ ಹೋಗ್ಬೇಕು?" ಎಂದು ತುಂಬಿದ ಸಭೆಯಲ್ಲಿ ಕೇಳಿಬಿಟ್ಟರು. ಅದೇ ವರ್ಷ ಅವರ ಹಕ್ಕಿ ಬರಲಿಲ್ಲ. ಬರಲಿಲ್ಲವಂತೆ! ಅಕ್ಕನ ಹೆಸರು ಪಟ್ಟಿಯಿಂದ ಹೋದರೆ ತಮ್ಮನ ಒಂದು ರುಜು ಸಾಕು.

ಹೊರಟದ್ದು ನರಕ ಚತುರ್ದಶಿಯ ಬೆಳಿಗ್ಗೆ. ಬೆಟ್ಟ ಮುಗಿಸಿ ಬಲಿಪಾಡ್ಯಮಿಯ ಸಂಜೆಗೆ ಪುರಸಭೆಯ ಮೆಟ್ಟಿಲು ಹತ್ತಬೇಕು, ಒಂದು ದಿನವೂ ಹೆಚ್ಚು ಕಡಿಮೆಯಾಗುವ ಹಾಗಿಲ್ಲ.

ಕಡಲ ದಡದಲ್ಲಿ ನೀರು ಇಳಿದಿತ್ತು. ಕಪ್ಪು ಬಂಡೆಗಳ ಮೇಲೆ ನೂರಾರು ಹಕ್ಕಿಗಳು, ಎಲ್ಲವೂ ಒಂದೇ ಥರ, ಬೂದಿ ಬೆನ್ನು, ಬಿಳಿ ಹೊಟ್ಟೆ. ನಾನು ದುರ್ಬೀನು ಹಿಡಿದು ಒಂದು ಗಂಟೆ ಹುಡುಕಿದೆ. ವಾಸಪ್ಪ ನನ್ನ ಪಕ್ಕದಲ್ಲೇ ಬೆವರುತ್ತಾ ನಿಂತಿದ್ದರು. ಮಗಳ ಮದುವೆ ಮಾಘಕ್ಕೆ ಗೊತ್ತಾಗಿತ್ತು, ಗುರುತಿಲ್ಲದ ಅಪ್ಪ ಧಾರೆ ಎರೆದರೆ ಅದು ಧಾರೆಯೇ ಅಲ್ಲ. ಕಡೆಗೆ ಕಂಡುಹಿಡಿದವರು ಯಾರು? ಟೀಚರ್. ಬರಿಗಣ್ಣಿನಲ್ಲಿ.

"ಚಂಪಾ, ಆ ಒಡೆದ ಬಂಡೆ ನೋಡು. ಅದರ ಎಡಕ್ಕೆ, ಅಲೆ ಬಂದಾಗ ಎಲ್ಲಾ ಹಾರ್ತವೆ, ಒಂದು ಮಾತ್ರ ಹಾರಲ್ಲ. ವಾಸಪ್ಪಂದು ಅದೇ, ಅದಕ್ಕೆ ಮೊದಲಿಂದ್ಲೂ ಸೋಮಾರಿತನ," ಎಂದರು.

ನೋಡಿದರೆ ಅದೇ! ನಾನು ಕಂಡೆ ಎಂದೆ, ಶೇಷಗಿರಿ ಕಂಡೆ ಎಂದರು, ಆಯಿತು. ಟೀಚರ್ ಕಂಡದ್ದು ಲೆಕ್ಕಕ್ಕಿಲ್ಲವಲ್ಲ. ವಾಸಪ್ಪ ಜೇಬಿನಿಂದ ಬೆಲ್ಲ ತೆಗೆದು ನನ್ನ ಬಾಯಿಗೂ ಶೇಷಗಿರಿಯ ಬಾಯಿಗೂ ಇಟ್ಟರು. ಟೀಚರ್ ಕಡೆ ತಿರುಗಿ, ಏನು ಮಾಡಬೇಕೆಂದು ತಿಳಿಯದೆ, ಪೊಟ್ಟಣವನ್ನು ಮತ್ತೆ ಜೇಬಿಗೆ ಹಾಕಿಕೊಂಡರು. ಟೀಚರ್ ನಕ್ಕರು. ನನಗೆ ಆ ಬೆಲ್ಲ ಉಗಿದುಬಿಡಬೇಕು ಅನ್ನಿಸಿತು, ಆದರೆ ನುಂಗಿದೆ.

ಮಾರನೆಯ ದಿನ ಜೌಗು. ಬೆಳಿಗ್ಗೆ ಏಳಕ್ಕೆಲ್ಲ ಒಡ್ಡಿನ ಮೇಲೆ ನಿಂತಿದ್ದೆವು. ಜೊಂಡಿನ ನಡುವೆ ನೀರು ಹೊಳೆಯುತ್ತಿತ್ತು, ಬಾತುಗಳ ಗದ್ದಲ ಕಿವಿ ತುಂಬಿತ್ತು. ಟೀಚರ್ ಸೀರೆ ಎತ್ತಿ ಕಟ್ಟಿ ಒಡ್ಡಿನಿಂದ ಕೆಸರಿಗೇ ಇಳಿದರು. "ನನ್ನದು ಎಲ್ಲಾದ್ರೂ ಹತ್ರ ಇದ್ರೆ ನನ್ನ ವಾಸನೆಗೆ ಅಲ್ಲಾಡತ್ತೇನೋ, ನೀವೆಲ್ಲ ಚೆನ್ನಾಗಿ ನೋಡ್ರಪ್ಪಾ," ಎಂದರು.

ಅಲ್ಲಾಡುವುದೇನು ಬಂತು! ಅದು ಅವರ ಕಾಲಿನಿಂದ ಎರಡು ಮಾರು ದೂರದಲ್ಲಿ ನಿಂತಿತ್ತು. ದೊಡ್ಡ ಗೊರವ, ಕೆಳಕ್ಕೆ ಬಾಗಿದ ಉದ್ದ ಕೊಕ್ಕು. ಕೊಕ್ಕನ್ನು ಕೆಸರಿಗೆ ಚುಚ್ಚುತ್ತಿತ್ತು, ಹುಳ ಎತ್ತುತ್ತಿತ್ತು, ತಲೆ ಎತ್ತಿ ಟೀಚರನ್ನು ನೋಡುತ್ತಿತ್ತು. ಅವರು ಒಂದು ಹೆಜ್ಜೆ ಇಟ್ಟರೆ ಅದೂ ಒಂದು ಹೆಜ್ಜೆ ಇಡುತ್ತಿತ್ತು. ಕುರುಡನಿಗೂ ಕಾಣುವಂತಿತ್ತು, ಅದರ ಒಡತಿಯೊಬ್ಬಳನ್ನು ಬಿಟ್ಟು.

ನಾನು ಶೇಷಗಿರಿಯ ಮುಖ ನೋಡಿದೆ. ಅವರು ಕನ್ನಡಕ ತೆಗೆದು ಪಂಚೆಯ ಚುಂಗಿನಿಂದ ಒರೆಸತೊಡಗಿದರು. ವಾಸಪ್ಪನ ಮುಖ ನೋಡಿದೆ. ಅವರ ಚಪ್ಪಲಿಯ ಬಾರು ಅದೇ ಗಳಿಗೆಗೆ ಕಿತ್ತುಹೋಯಿತು, ಬಗ್ಗಿ ಕೂತರು. ಅವರ ಅಂಗಡಿ ಇರುವುದು ಅಧ್ಯಕ್ಷರ ಕಟ್ಟಡದಲ್ಲಿ. ಲೂಯಿಸ್ ವ್ಯಾನಿನ ಟೈರು ಒದೆಯುತ್ತಾ ಆಕಾಶ ನೋಡುತ್ತಿದ್ದ. ವ್ಯಾನೂ ಅಧ್ಯಕ್ಷರ ಭಾವಮೈದುನನದೇ.

"ಶೇಷಣ್ಣ, ಅಲ್ಲಿ ಏನೋ ಇದ್ದ ಹಾಗಿದೆ," ಎಂದೆ. ಏನೋ ಇದ್ದ ಹಾಗಿದೆ! ನನ್ನ ನಾಲಿಗೆಗೆ ಅಷ್ಟೇ ಬಂತು ನೋಡಿ.

"ಅದು ಕೊಕ್ಕರೆ ಕಣಮ್ಮ," ಎಂದರು ಅವರು, ಕನ್ನಡಕ ಇನ್ನೂ ಕೈಯಲ್ಲೇ ಇತ್ತು. ಆಮೇಲೆ ಧ್ವನಿ ತಗ್ಗಿಸಿ, "ನಿನ್ನ ಕೆಲಸದ ಕಾಗದಕ್ಕೆ ಅಧ್ಯಕ್ಷರು ಈ ತಿಂಗಳೇ ರುಜು ಹಾಕ್ಬೇಕಲ್ವಾ ಚಂಪಕಾ?" ಎಂದು ಕೇಳಿದರು.

"ಏನಾದ್ರೂ ಕಾಣ್ತಾ?" ಟೀಚರ್ ಕೆಸರಿನಿಂದ ಕೂಗಿದರು.

ಯಾರೂ ಮಾತಾಡಲಿಲ್ಲ. ನಾನೂ ಮಾತಾಡಲಿಲ್ಲ. ಟೀಚರ್ ಒಡ್ಡು ಹತ್ತಿ ಬಂದು ಕಾಲು ತೊಳೆದುಕೊಂಡರು. "ಹೋಗ್ಲಿ ಬಿಡಿ, ಈ ಸಲ ನನ್ನದು ಬೆಟ್ಟಕ್ಕೆ ಹೋಗಿರಬೇಕು," ಎಂದು ನಮಗೇ ಸಮಾಧಾನ ಹೇಳಿ, ಸ್ಟೀಲ್ ಡಬ್ಬಿ ತೆಗೆದು ಎಲ್ಲರಿಗೂ ಹಬ್ಬದ ಅವಲಕ್ಕಿ ಹಂಚಿದರು. ತಮ್ಮನಿಗೆ ಕಡಲೆಬೀಜ ಹೆಚ್ಚಿಗೆ ಹಾಕಿದರು. ಅವನು ತಿಂದ. ವಾಸಪ್ಪ ತಿಂದ, ಲೂಯಿಸ್ ಎರಡು ಸಲ ಹಾಕಿಸಿಕೊಂಡ. ನಾವು ತಿನ್ನುವಾಗ ಆ ಗೊರವ ಒಡ್ಡಿನ ಬುಡದವರೆಗೂ ಬಂದು ನಿಂತಿತ್ತು.

ಆ ದಿನವೆಲ್ಲ ಶೇಷಗಿರಿಯ ಮೇಲೆ ಸಿಟ್ಟು, ವಾಸಪ್ಪನ ಮೇಲೆ ಸಿಟ್ಟು, ಇಂಥ ನೇಮ ಮಾಡಿಟ್ಟ ಊರಿನ ಮೇಲೆ ಸಿಟ್ಟು. ಏನೂ ಅರಿಯದೆ ಅವಲಕ್ಕಿ ಹಂಚುವ ಟೀಚರ್ ಮೇಲೂ ಸಿಟ್ಟು. ಇಷ್ಟು ಒಳ್ಳೆಯವರಾಗಿರಬೇಡಿ, ಒಂದು ಸಲವಾದರೂ ನಮ್ಮ ಕತ್ತಿನ ಪಟ್ಟಿ ಹಿಡಿದು ಕೇಳಿ ಎಂದು ಕಿರುಚಬೇಕು ಅನ್ನಿಸುತ್ತಿತ್ತು.

ಮೂರನೆಯ ದಿನ ಮಧ್ಯಾಹ್ನಕ್ಕೆ ಬೆಟ್ಟದ ನೆತ್ತಿಯಲ್ಲಿದ್ದೆವು. ಅಲ್ಲಿ ಗಾಳಿ ಎಂದರೆ ಗಾಳಿ, ಹುಲ್ಲೆಲ್ಲ ನೆಲಕ್ಕೆ ಮಲಗಿತ್ತು. ಕೆಳಗೆ ಕಣಿವೆಯಲ್ಲಿ ಕಾಡು, ಅದರಾಚೆ ಜೌಗು, ಅದರಾಚೆ ಕಡಲಿನ ಒಂದು ಗೆರೆ. ಟೀಚರ್ ನಮ್ಮೊಬ್ಬೊಬ್ಬರನ್ನೂ ಒಂದೊಂದು ದಿಕ್ಕಿಗೆ ನಿಲ್ಲಿಸಿದರು, ತರಗತಿಯಲ್ಲಿ ನಿಲ್ಲಿಸಿದ ಹಾಗೆ. "ವಾಸಪ್ಪ ನೀವು ಪಶ್ಚಿಮ ನೋಡ್ಕೊಳ್ಳಿ. ಶೇಷು, ನೀನು ಆ ಮರದ ಕಡೆ. ಇವತ್ತು ಕಡೇ ದಿನ, ಸ್ವಲ್ಪ ಮನಸ್ಸಿಟ್ಟು ನೋಡ್ರೋ."

ಶೇಷು ಹಣೆಗೆ ಕೈ ಅಡ್ಡ ಹಿಡಿದು, ಕತ್ತು ಚಾಚಿ, ಮರದ ಒಂದೊಂದು ಕೊಂಬೆಯನ್ನೂ ಹುಡುಕತೊಡಗಿದ. ಎಂಥ ನಾಟಕ! "ಇಲ್ಲಿಲ್ಲ ಅಕ್ಕಾ," "ಇಲ್ಲೂ ಇಲ್ಲ ಅಕ್ಕಾ," ಎಂದು ಆಗಾಗ ಕೂಗುತ್ತಿದ್ದ, ಮುಖದಲ್ಲಿ ದುಃಖ ಬೇರೆ. ಒಂದು ಗಂಟೆ ಹಾಗೆ ಕಳೆಯಿತು. ಟೀಚರ್ ಒಂದು ಕಲ್ಲಿನ ಮೇಲೆ ಕೂತು, ನನ್ನನ್ನು ಕರೆದು, "ಚಂಪಾ, ಹೆಸರು ತೆಗೆದ ಮೇಲೆ ಗಂಟೆ ಹೊಡೆಯೋಕಾದ್ರೂ ಬಿಡ್ತಾರಾ?" ಎಂದು ಕೇಳಿದರು. ಅಳುತ್ತಿರಲಿಲ್ಲ. ತಿಳಿದುಕೊಳ್ಳಬೇಕಾಗಿತ್ತು ಅಷ್ಟೇ.

ನನಗೆ ಅಲ್ಲಿಗೆ ಸಾಕಾಯಿತು.

"ನಿಮ್ಮ ಹಕ್ಕಿ ಬಂದಿದೆ!" ಎಂದು ಅರಚಿದೆ. "ನಿನ್ನೆ ಜೌಗಿನಲ್ಲಿ ನಿಮ್ಮ ಕಾಲ ಬುಡದಲ್ಲಿತ್ತು. ಈ ಮೂರು ಜನ ನೋಡಿದ್ರು, ನಾನೂ ನೋಡಿದೆ. ಥೂ ನಮ್ಮ ಜನ್ಮಕ್ಕೆ!"

"ಚಂಪಕಾ!" ಎಂದು ಶೇಷಗಿರಿ ಗದರಿದರು. "ಅಕ್ಕನಿಗೆ ಬೇಜಾರಾಗುತ್ತೆ ಅಂತ ಸುಳ್ಳು ಸಮಾಧಾನ ಹೇಳ್ಬೇಡ. ಒಬ್ಬಳು ಕಂಡ್ರೆ ಅದು ಕಂಡ ಹಾಗಲ್ಲ."

"ಸುಳ್ಳಾ? ಹೇಳ್ತೀನಿ ಕೇಳಿ ಹಾಗಾದ್ರೆ!" ಎಂದೆ. ಒಡೆಯರ ಮುಂದೆ ಅವರ ಹಕ್ಕಿಯ ರೂಪ ಹೇಳಬಾರದು, ಹೇಳಿದರೆ ಕೇಡು ಎಂಬುದು ನಮ್ಮಲ್ಲಿ ಹಾಲು ಕುಡಿಯುವ ಮಗುವಿಗೂ ಗೊತ್ತು. ಬಂತು, ಇಂಥಲ್ಲಿದೆ ಎನ್ನಬಹುದು, ಅಷ್ಟಕ್ಕೇ ನಿಲ್ಲಿಸಬೇಕು. ನಾನು ನಿಲ್ಲಿಸಲಿಲ್ಲ. "ಗೊರವ, ಟೀಚರ್. ದೊಡ್ಡದು. ಮೈಯೆಲ್ಲ ಕಂದು ಗೆರೆ, ಕೊಕ್ಕು ಗೇಣುದ್ದ, ಕುಡುಗೋಲಿನ ಹಾಗೆ ಕೆಳಕ್ಕೆ ಬಾಗಿದೆ. ನೀವು ನಡೆದ್ರೆ ನಡೆಯುತ್ತೆ, ನಿಂತ್ರೆ ನಿಲ್ಲುತ್ತೆ. ಎಡಗಾಲಿನಲ್ಲಿ ಒಂದು ಬೆರಳಿಲ್ಲ, ಅದಕ್ಕೇ ಸ್ವಲ್ಪ ಕುಂಟುತ್ತೆ..."

"ಎಡಗಾಲಲ್ಲ, ಬಲಗಾಲು," ಎಂದರು ಶೇಷಗಿರಿ.

ವಾಸಪ್ಪ ಬಾಯಿ ತೆರೆದು ಹಾಗೇ ನಿಂತರು.

ನಾನು ಬೇಕೆಂದೇ ತಪ್ಪು ಹೇಳಿದೆ, ಬಲೆ ಒಡ್ಡಿದೆ, ಭಾರಿ ಜಾಣೆ ಎಂದು ಈಗ ಸಂತೆಯಲ್ಲಿ ಮಾತಾಡುತ್ತಾರೆ. ದೇವರಾಣೆಗೂ ಇಲ್ಲ. ಸಿಟ್ಟಿನಲ್ಲಿ ಎಡ ಬಲ ತಪ್ಪಿತು, ಅಷ್ಟೇ. ಆದರೆ ನಮ್ಮ ಊರಿನವರು ಏನನ್ನು ಬೇಕಾದರೂ ಸಹಿಸುತ್ತಾರೆ, ಹಕ್ಕಿಯ ವಿಷಯದಲ್ಲಿ ತಪ್ಪು ಮಾತ್ರ ಸಹಿಸುವುದಿಲ್ಲ. ಸಾವಿನ ಮನೆಯಲ್ಲೂ ಒಬ್ಬ ರೆಕ್ಕೆಯ ಬಣ್ಣ ತಪ್ಪಾಗಿ ಹೇಳಿದರೆ ಇನ್ನೊಬ್ಬ ತಿದ್ದುತ್ತಾನೆ. ಅದರ ಮೇಲೆ ಆ ಬಲಗಾಲು ಶೇಷಗಿರಿಗೆ ಸಂಬಂಧಪಟ್ಟದ್ದು. ಅದು ಅವರ ಬಾಯಿಂದಲೇ ಬಂತು.

"ನನ್ನ ಗಾಳಿಪಟದ ದಾರ, ಅಕ್ಕಾ," ಎಂದರು. ಮುಖ ಬಿಳಿಚಿಕೊಂಡಿತ್ತು. "ಎಂಟು ವರ್ಷ ನನಗೆ. ಗಾಜಿನ ಪುಡಿ ಹಚ್ಚಿದ್ದೆ. ಅದು ಕಾಲುವೆ ಮೇಲೆ ಹಾರ್ತಾ ಬಂದು ಸಿಕ್ಕಿಕೊಂಡ್ತು. ಬಿಡಿಸೋಷ್ಟರಲ್ಲಿ ಬೆರಳು ಹೋಗಿತ್ತು. ನಿನಗೆ ಹೇಳೋ ಹಾಗಿರಲಿಲ್ಲ. ಆವತ್ತಿಂದ ಪ್ರತಿ ವರ್ಷ ಮೊದಲು ನೋಡ್ತಿದ್ದೋನು ನಾನೇ. ಬಂತೋ ಇಲ್ವೋ ಅಂತ ಜೀವ ಹಿಡ್ಕೊಂಡು ಕಾಯ್ತಿದ್ದೆ."

"ಈಗಲೂ ಕುಂಟತ್ತಾ?" ಎಂದು ಕೇಳಿದರು ಟೀಚರ್.

"ಸ್ವಲ್ಪ."

ಐವತ್ತೆಂಟು ವರ್ಷ ತಮ್ಮದೆಂದು ಬಂದುಹೋಗುತ್ತಿದ್ದ ಹಕ್ಕಿ ಹೇಗಿದೆಯೆಂದು ಟೀಚರ್ ಕೇಳಿದ್ದು ಅದೇ ಮೊದಲು. ಕೊಕ್ಕು ಬಾಗಿದೆ ಅಂದೆಯಲ್ಲ, ಎಷ್ಟು ಬಾಗಿದೆ ಎಂದು ನನ್ನನ್ನು ಕೇಳಿದರು. ನಾನು ಬೆರಳಿನಿಂದ ಗಾಳಿಯಲ್ಲಿ ಬರೆದು ತೋರಿಸಿದೆ. ಆಮೇಲೆ ಅವರು ನನ್ನ ಮುಖವನ್ನೇ ನೋಡಿದರು.

"ಹೋದ ವರ್ಷ ಬಂದಿತ್ತಾ ಚಂಪಾ?"

ನಾನು ದುರ್ಬೀನಿನ ಬಾರು ಸರಿಮಾಡಿಕೊಂಡೆ.

"ಅದರ ಹಿಂದಿನ ವರ್ಷ?"

ನಾನು ಹುಲ್ಲು ನೋಡುತ್ತಾ ನಿಂತೆ. ಬಂದಿತ್ತು. ಮೊದಲನೆಯ ವರ್ಷ ಅದೇ ಜೌಗಿನಲ್ಲಿ ಕಂಡಿದ್ದೆ. ಜೊತೆಗಿದ್ದವರೆಲ್ಲ ಮುಖ ತಿರುಗಿಸಿದ್ದು ನೋಡಿ, ನನಗೇ ತಪ್ಪಾಗಿ ಕಂಡಿರಬೇಕು ಎಂದುಕೊಂಡೆ. ಎರಡನೆಯ ವರ್ಷ ಆ ಕಡೆ ದುರ್ಬೀನು ತಿರುಗಿಸಲೇ ಇಲ್ಲ. ಆ ಎರಡು ವರ್ಷ ಯಾರೂ ನನ್ನನ್ನು ಹೆದರಿಸಿರಲಿಲ್ಲ, ಯಾರೂ ಏನೂ ಕೊಟ್ಟಿರಲಿಲ್ಲ. ಬೆಟ್ಟ ಇಳಿಯುವಾಗ ವ್ಯಾನಿನಲ್ಲಿ ಟೀಚರ್ ಕಿಟಕಿಯ ಕಡೆ ತಿರುಗಿ ಕೂತಿದ್ದರು.

ಪುರಸಭೆಗೆ ಬಂದಾಗ ಬಿಸಿಲು ಇನ್ನೂ ಮೆಟ್ಟಿಲಿನ ಮೇಲಿತ್ತು. ಗುಮಾಸ್ತ ಪಟ್ಟಿ ಕಟ್ಟಿಡಲು ದಾರ ತೆಗೆದಿಟ್ಟಿದ್ದ. ಅಧ್ಯಕ್ಷರು ಒಳಗೇ ಕೂತಿದ್ದರು, ಹಬ್ಬದ ಹೊಸ ಅಂಗಿ, ಮುಂದೆ ಹೋಳಿಗೆಯ ತಟ್ಟೆ. ಇಪ್ಪತ್ತು ಮೂವತ್ತು ಜನ ಸೇರಿದ್ದರು.

"ಇಂದುಮತಿ ಟೀಚರ್ ಅವರದು ಬಂದಿದೆ, ನಾನು ಕಂಡೆ," ಎಂದು ಬಾಗಿಲಿನಿಂದಲೇ ಹೇಳಿದೆ.

ಗುಮಾಸ್ತ ಅಧ್ಯಕ್ಷರ ಕಡೆ ನೋಡಿದ. ಅಧ್ಯಕ್ಷರು ಶೇಷಗಿರಿಯ ಕಡೆ ನೋಡಿದರು. ಶೇಷಗಿರಿ ಅಕ್ಕನ ಕಡೆ ನೋಡಲಿಲ್ಲ, ಯಾರ ಕಡೆಯೂ ನೋಡಲಿಲ್ಲ. "ನಾನೂ ಕಂಡೆ," ಎಂದರು.

"ಸರಿಯಾಗಿ ಯೋಚಿಸಿ ಹೇಳಿ ಶೇಷಗಿರಿಯವರೇ," ಎಂದರು ಅಧ್ಯಕ್ಷರು.

"ಕಂಡೆ ಅಂದ್ನಲ್ಲ ಸ್ವಾಮಿ! ಬರ್ಕೊಳ್ಳಿ!"

ಬರೆದುಕೊಂಡರು. ಎರಡು ವರ್ಷದ ಮೇಲೆ ಟೀಚರ್ ಹೆಸರಿನ ಮುಂದೆ ಗುರುತು ಬಿತ್ತು. ನನಗೆ ಎದೆಯ ಮೇಲಿದ್ದ ಕಲ್ಲು ಇಳಿದ ಹಾಗಾಯಿತು. ಈಗ ನೋಡಿ, ಕಾಲುವೆಯ ವಿಷಯ ಎತ್ತುತ್ತಾರೆ, ಈ ಹೋಳಿಗೆಯವನ ಮುಖಕ್ಕೆ ಮಂಗಳಾರತಿ ಎತ್ತುತ್ತಾರೆ ಎಂದು ನಾನು ಸೆರಗು ಬಿಗಿದು ನಿಂತೆ. ತಮ್ಮನಿಗೂ ಇದೆ ಇವತ್ತು ಎಂದುಕೊಂಡೆ. ಟೀಚರ್ ಮೇಜಿನ ಹತ್ತಿರ ಬಂದರು. ಮೊದಲು ಒಂದು ಸಲ ಗಂಟಲು ಸರಿಮಾಡಿಕೊಂಡರು.

"ನನ್ನ ಒಂದು ಮಾತಿದೆ, ಬರ್ಕೊಳ್ಳಿ," ಎಂದರು. "ಈ ಚಂಪಕ ಎರಡು ವರ್ಷ ನನ್ನ ಹಕ್ಕಿ ಕಂಡೂ ಹೇಳಲಿಲ್ಲ. ಇನ್ನು ಮುಂದೆ ಇವಳು ಗೈಡಾಗಿರಕೂಡದು."

ನನ್ನ ಕಿವಿಯನ್ನೇ ನಂಬಲಾಗಲಿಲ್ಲ. "ಟೀಚರ್!" ಎಂದೆ. "ಹೇಳಿದ್ದು ನಾನಲ್ವಾ? ನಾನಿಲ್ದಿದ್ರೆ ಇವತ್ತು ನಿಮ್ಮ ಹೆಸರೇ ಇರ್ತಿರ್ಲಿಲ್ಲ! ನಿಮ್ಮ ತಮ್ಮ ಅಲ್ವಾ ನಿಮ್ಮ ಬಾಯಿ ಮುಚ್ಚಿಸಿದ್ದು? ಅವರಿಗೇನೂ ಇಲ್ಲ, ನನಗೆ ಮಾತ್ರನಾ?"

"ಕಾಲುವೆ ಮಾತು ನಾಳೆ ಆಡ್ತೀನಿ, ಅದು ನನ್ನ ಮನೆ ಜಗಳ. ನಾನು ಕೊಡಲ್ಲ, ಅವನಿಗೂ ಗೊತ್ತು," ಎಂದರು ಟೀಚರ್. ಅವರ ಧ್ವನಿ ಏರಲಿಲ್ಲ, ಅದೇ ನನಗೆ ತಡೆಯಲಾಗದ್ದು. "ಶೇಷುಗೆ ನೆಲ ಬೇಕಿತ್ತು ಚಂಪಾ, ಅದಕ್ಕೆ ಸುಳ್ಳು ಹೇಳಿದ. ನಿನಗೇನೂ ಬೇಕಿರಲಿಲ್ಲ. ಕಾರಣವೇ ಇಲ್ದೆ ಸುಮ್ಮನಿದ್ದೆ. ನಿನ್ನ ಕೆಲಸ ಹೇಳೋದೊಂದೇ ಆಗಿತ್ತು."

ನಾನು ಬಾಯಿ ತೆರೆದೆ. ಅಷ್ಟು ಜನರ ಮುಂದೆ, ಬಾಯಿ ತೆರೆದುಕೊಂಡೇ ನಿಂತೆ. ಬೇಕಾದಷ್ಟು ಬೈಗುಳ ನಾಲಿಗೆಯ ತುದಿಯಲ್ಲಿತ್ತು, ಆದರೆ ಆ ಮಾತಿಗೆ ಉತ್ತರವಾಗುವಂಥದು ಒಂದೂ ಇರಲಿಲ್ಲ. ಇವತ್ತಿಗೂ ಸಿಕ್ಕಿಲ್ಲ.

ಗುಮಾಸ್ತ ಈ ಸಲ ಅಧ್ಯಕ್ಷರ ಮುಖ ನೋಡಲಿಲ್ಲ, ಲೇಖನಿ ಅದ್ದಿ ನನ್ನ ಹೆಸರು ಬರೆದುಕೊಂಡ. ಬರೆದುಕೊಳ್ಳದೆ ವಿಧಿಯಿರಲಿಲ್ಲ. ಅವರ ಮಾತಿಗೆ ಕಿವಿ ಬಂದಿತ್ತು, ಬರಿಸಿದವಳು ನಾನೇ.